ಮೊದಲು ಹಾಡು, ಆಮೇಲೆ ಬಾರಿಸು

ಬ್ಯಾಂಕಿನ ಬೆರಳಚ್ಚು ಯಂತ್ರ ನನ್ನ ಎಡಗೈ ತೋರುಬೆರಳನ್ನು ಇವತ್ತಿಗೂ ಒಪ್ಪಿಕೊಳ್ಳುವುದಿಲ್ಲ. ಪ್ರತಿ ಸಲವೂ ಹೆಬ್ಬೆರಳು ಕೊಡುತ್ತೇನೆ. ತೋರುಬೆರಳಿನ ತುದಿಯಲ್ಲಿ ಅಡ್ಡಡ್ಡ ಎರಡು ಕಪ್ಪು ಗೆರೆಗಳಿವೆ. ಮೂವತ್ತು ವರ್ಷ ಸಿತಾರಿನ ಉಕ್ಕಿನ ತಂತಿ ಒತ್ತಿ ಎಳೆದ ಗುರುತು. ಆ ತಂತಿಯ ದಪ್ಪ ಬರೀ 0.3 ಮಿಲಿಮೀಟರ್. ಮೊದಮೊದಲು ಚರ್ಮ ಸೀಳುತ್ತಿತ್ತು, ಆಮೇಲೆ ಕಾಯಿ ಕಟ್ಟಿತು. ನೀರಲ್ಲಿ ನೆನೆದರೆ ಮತ್ತೆ ಮೆತ್ತಗಾಗುತ್ತದೆ. ಹಾಗಾಗಿ ಪಾತ್ರೆ ತೊಳೆಯುವುದು ಏನಿದ್ದರೂ ರಿಯಾಜ್, ಅಂದರೆ ದಿನದ ಅಭ್ಯಾಸ, ಮುಗಿದ ಮೇಲೆ. ಹೆಂಡತಿ ಇದನ್ನು ನೆಪ ಅನ್ನುತ್ತಾಳೆ.

ಧಾರವಾಡ ಅಂದರೆ ಜನಕ್ಕೆ ನೆನಪಾಗುವುದು ಗಾಯಕರು. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು. ಆದರೆ ಸಿತಾರಿಗೂ ಇಲ್ಲಿ ಹಳೇ ಮನೆತನವಿದೆ. ಬೀನಕಾರ, ಅಂದರೆ ರುದ್ರವೀಣೆ ನುಡಿಸುವ, ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನರು ನೆಲೆ ನಿಂತದ್ದು ಇಲ್ಲೇ. ಅವರ ಮೊಮ್ಮಗ ಬಾಲೇ ಖಾನರು 2007ರಲ್ಲಿ ತೀರಿಕೊಳ್ಳುವ ತನಕ ಆ ಹೆಸರು ಉಳಿಸಿದರು. ನಾನು ಕಲಿತ ಗುರುಗಳೂ ಇದೇ ಗಾಳಿಯಲ್ಲಿ ಬೆಳೆದವರು.

ನಾನು ಹೋಗಿದ್ದು ಸಿತಾರ್ ಕಲಿಯೋಕೆ. ಅವರು ಮೊದಲ ಆರು ತಿಂಗಳು ಹಾಡಿಸಿದರು. ನನ್ನ ಗಂಟಲೋ, ದೇವರೇ ಗತಿ. ಒಂದಿನ ಸಿಟ್ಟು ಬಂದು ಕೇಳಿಯೇಬಿಟ್ಟೆ. ಅವರು ಸಿತಾರ್ ಎತ್ತಿಕೊಂಡು ರಾಗ ಯಮನ್‌ನ ಗಾಂಧಾರ ಸ್ವರದ ಪರ್ದೆಯ, ಅಂದರೆ ತಂತಿ ಒತ್ತುವ ಮೆಟ್ಟಿನ ಮೇಲೆ ನನ್ನ ಬೆರಳಿಟ್ಟು, "ಎಳಿ, ಪಂಚಮಕ್ಕ ನಿಲ್ಲಸು" ಅಂದರು. ಎಳೆದೆ. ತಂತಿ ತೀವ್ರ ಮಧ್ಯಮ ದಾಟಿ ಎಲ್ಲೋ ಹೋಯಿತು. ಇನ್ನೊಮ್ಮೆ ಎಳೆದೆ, ಪಂಚಮಕ್ಕೆ ಕೂದಲೆಳೆಯಷ್ಟು ಕಡಿಮೆ. "ಈಗ ಹಾಡು." ಹಾಡಿದೆ. "ಈಗ ಎಳಿ." ಸರಿಯಾಗಿ ನಿಂತಿತು. "ಮೊದಲ ಹಾಡಲೇ, ಆಮ್ಯಾಲ ಬಾರ್ಸು" ಅಂದು ಅವರು ಚಹಾ ಕುಡಿಯೋಕೆ ಎದ್ದು ಹೋದರು.

ಮೀಂಡ್ ಅಂದರೆ ಇಷ್ಟೇ. ಒಂದೇ ಪರ್ದೆಯ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಮೇಲಿನ ಸ್ವರ ತರುವುದು. ಎಲ್ಲಿ ನಿಲ್ಲಬೇಕು ಅನ್ನೋಕೆ ಪರ್ದೆಯಲ್ಲಿ ಗುರುತಿಲ್ಲ. ಸ್ವರ ಮೊದಲೇ ಗಂಟಲಲ್ಲಿ ಕೂತಿರಬೇಕು. ಸಿತಾರ್ ವಾದಕ ವಿಲಾಯತ್ ಖಾನರು ಕಛೇರಿಯ ಮಧ್ಯೆ ಬಾರಿಸುವುದು ನಿಲ್ಲಿಸಿ, ಅದೇ ಬಂದಿಶ್ ಹಾಡಿ ತೋರಿಸುತ್ತಿದ್ದರು. ಆ ರೆಕಾರ್ಡಿಂಗ್ ಕೇಳಿದ ಮೇಲೆ ಗುರುಗಳ ಮೇಲಿದ್ದ ಸಿಟ್ಟು ಇಳಿಯಿತು.

ಆದರೂ ರೇಡಿಯೋ ಆಡಿಷನ್ನಿನಲ್ಲಿ ಎಲ್ಲ ಮರೆತೆ. ವಯಸ್ಸು ಇಪ್ಪತ್ತನಾಲ್ಕು, ಕೈಯಲ್ಲಿ ವೇಗ ಇತ್ತು. ಆಲಾಪ ಎರಡೇ ನಿಮಿಷಕ್ಕೆ ಮುಗಿಸಿ ಕೊನೆಗೆ ಬರುವ ವೇಗದ ಝಾಲಾಕ್ಕೆ ಹಾರಿದೆ. ಫೇಲ್. ತಪ್ಪು ಪೂರ್ತಿ ನನ್ನದೇ. ಮುಂದಿನ ಸಲ ಮನಸ್ಸಲ್ಲೇ ಹಾಡುತ್ತಾ ನಿಧಾನ ಬಾರಿಸಿದೆ, ಬಿ ಗ್ರೇಡ್ ಸಿಕ್ಕಿತು. ಮನೆಯಲ್ಲಿ ಪೇಢೆ ಹಂಚಿದರು.

ಗ್ರೇಡಿನಿಂದ ಹೊಟ್ಟೆ ತುಂಬೋದಿಲ್ಲ, ಅದು ಬೇರೆ ಮಾತು. ಬೆಳಿಗ್ಗೆ ಪಾಠ, ಸಂಜೆ ಪಾಠ, ನಡುವೆ ಭಾವಗೀತೆಗಳ ರೆಕಾರ್ಡಿಂಗ್. ತಿಂಗಳಿಗೊಂದು ಕಛೇರಿ ಸಿಕ್ಕರೆ ಜಾಸ್ತಿ. ಖರ್ಚು ಮಾತ್ರ ನಿಲ್ಲೋದಿಲ್ಲ. ತಂತಿಗಳು ಹಾದುಹೋಗುವ ಪುಟ್ಟ ಸೇತುವೆಗೆ ಕುದುರೆ ಅನ್ನುತ್ತಾರೆ. ತಂತಿ ಕೊರೆದು ಕೊರೆದು ಕುದುರೆಯ ಮೈ ಸವೆಯುತ್ತದೆ, ನಾದ ಮೊಂಡಾಗುತ್ತದೆ. ಆಗ ರೈಲು ಹತ್ತಿ ಮೀರಜಿಗೆ ಹೋಗಬೇಕು, ಜವಾರಿ ಮಾಡಿಸೋಕೆ. ನಮ್ಮ ಕಡೆ ಜವಾರಿ ಅಂದರೆ ಕೋಳಿ, ಬದನೆಕಾಯಿ! ಸಿತಾರಿನ ಜವಾರಿ ಅಂದರೆ ಕುದುರೆಯ ಮೈಯನ್ನು ಅರದಿಂದ ತೀಡಿ, ತಂತಿ ಅದರ ಮೇಲೆ ಎಷ್ಟು ಒರಗಬೇಕೋ ಅಷ್ಟೇ ಒರಗುವ ಹಾಗೆ ಮಾಡುವುದು. ಕಾರೀಗರರು ಎರಡು ಸಲ ತೀಡುತ್ತಾರೆ, ತಂತಿ ಏರಿಸಿ ಮೀಟುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಮತ್ತೆ ತಂತಿ ಇಳಿಸುತ್ತಾರೆ. ಅರ್ಧ ದಿನ ಹೀಗೇ. ನಾನೂ ಮನೆಯಲ್ಲಿ ಒಮ್ಮೆ ಮಾಡೋಕೆ ಹೋಗಿ ಒಳ್ಳೇ ಕುದುರೆಯೊಂದನ್ನು ಹಾಳು ಮಾಡಿದ್ದೇನೆ.

ಹೋದ ವರ್ಷ ಒಂದು ಹಳ್ಳಿಯ ಜಾತ್ರೆಯಲ್ಲಿ ಯಮನ್ ಬಾರಿಸುತ್ತಿದ್ದೆ. ವಿಲಂಬಿತ್ ಗತ್ತಿನ, ಅಂದರೆ ನಿಧಾನ ಲಯದ ರಚನೆಯ ನಡುವೆ, ಅದೇ ಗಾಂಧಾರದಿಂದ ಪಂಚಮಕ್ಕೆ ಎಳೆಯುವಾಗ, ಸ್ವರ ನುಡಿಸುವ ಮುಖ್ಯ ತಂತಿ, ಬಾಜ್, ಟಪ್ ಅಂತ ಹರಿಯಿತು. ತಬಲಾದವರು ನನ್ನ ಮುಖ ನೋಡಿದರು. ಠೇಕಾ ನಿಲ್ಲಿಸಬೇಡಿ ಅಂತ ಸನ್ನೆ ಮಾಡಿದೆ. ಡಬ್ಬಿಯಿಂದ ಹೊಸ ತಂತಿ ತೆಗೆದು, ಬುಡಕ್ಕೆ ಕೊಕ್ಕೆ ಹಾಕಿ, ಬಿರಡೆಗೆ ಸುತ್ತುತ್ತಾ ಅದೇ ಗತ್ತನ್ನು ಹಾಡೋಕೆ ಶುರು ಮಾಡಿದೆ. ಗಂಟಲು ಈಗಲೂ ಅಷ್ಟಕ್ಕಷ್ಟೇ. ಹೊಸ ತಂತಿ ಜಾರುತ್ತಲೇ ಇತ್ತು, ನಾಲ್ಕು ಸಲ ಶ್ರುತಿ ಮಾಡಿದೆ, ಅಷ್ಟು ಹೊತ್ತೂ ಹಾಡಿದೆ.

ಕಛೇರಿ ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಒಬ್ಬರು ಕೋಲೂರಿಕೊಂಡು ಬಂದರು. "ತಂತಿ ಹರದದ್ದ ಛಲೋ ಆತು ನೋಡ್ರಿ" ಅಂದರು. "ನೀವು ಏನ್ ಬಾರ್ಸಾಕತ್ತಿದ್ರಿ ಅಂತ ಆಗ ತಿಳೀತು."