ಬೇಸಿಗೆ ಮಳೆಯ ಸಿಡಿಲು, ಗಾಳಿ, ಸೆಕೆ: ಉತ್ತರ ಕನ್ನಡದ ಮನೆ, ತೋಟ, ದೋಣಿಗೆ

ಜೂನ್ ಮಳೆಯ ಬಗ್ಗೆ ಉತ್ತರ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಂಚು ಕೈಯಾಡಿಸುವುದು, ಕಟ್ಟಿಗೆ ಒಳಗೆ ಹಾಕುವುದು, ಚರಂಡಿ ಬಿಡಿಸುವುದು ಎಲ್ಲ ಮೇ ಮುಗಿಯುವುದರೊಳಗೆ ಆಗುತ್ತದೆ. ಸಿಡಿಲು ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ಕೊನೆಯ ವಾರದವರೆಗಿನ ಭರಣಿ, ಕೃತ್ತಿಕೆ ಮಳೆಗಳೇ ಅದರ ಕಾಲ. ಆಗ ಅಂಗಳದಲ್ಲಿ ಹಪ್ಪಳ, ಮುರುಗಲು ಸಿಪ್ಪೆ ಒಣಗುತ್ತಿರುತ್ತವೆ, ದನಗಳು ಮೇಯುವ ಬ್ಯಾಣದಲ್ಲಿರುತ್ತವೆ, ಮೀನುಗಾರಿಕೆ ನಿಷೇಧ ಶುರುವಾಗುವುದು ಜೂನ್ 1ಕ್ಕಾದ್ದರಿಂದ ಬೋಟುಗಳೂ ಕಡಲಲ್ಲೇ ಇರುತ್ತವೆ. ಎಲ್ಲವೂ ಹೊರಗಿರುವಾಗ ಮೋಡ ಏರುತ್ತದೆ.

ಏರುವುದು ಘಟ್ಟದ ಮೇಲೆ. ಹಗಲಿನ ಕಡಲಗಾಳಿ ತೇವ ಹೊತ್ತು ಘಟ್ಟ ಹತ್ತುತ್ತದೆ. ಕಾದ ನೆಲದ ಮೇಲೆ ಅದು ಇನ್ನಷ್ಟು ಮೇಲಕ್ಕೆ ನುಗ್ಗಿ, ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹತ್ತು ಹದಿನೈದು ಕಿ.ಮೀ. ಎತ್ತರದ ಮೋಡವಾಗುತ್ತದೆ. ಮೇಲ್ಮಟ್ಟದಲ್ಲಿ ಮೂಡುಗಾಳಿ ಇದ್ದ ದಿನ ಅದೇ ಮೋಡ ಸಂಜೆಗೆ ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಕ್ಕೆ ಬರುತ್ತದೆ. ಕರಾವಳಿಯವರು ಕಡಲ ಕಡೆ ನೋಡಿ ಆಕಾಶ ತಿಳಿಯಾಗಿದೆ ಅಂದುಕೊಳ್ಳುತ್ತಾರೆ. ನೋಡಬೇಕಾದ್ದು ಮೂಡಲಿಗೆ. ಮೋಡದ ತಲೆ ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆಯಾಗಿ ಹರಡಿದ್ದರೆ ಅದು ಪೂರ್ತಿ ಬೆಳೆದ ಗುಡುಗು ಮೋಡ. ಸೆಕೆ ಒಮ್ಮೆಲೇ ನಿಂತು ತಣ್ಣನೆ ಗಾಳಿ ಬೀಸಿತೋ, ಮಳೆ ಕೆಲವೇ ನಿಮಿಷ ದೂರದಲ್ಲಿದೆ.

ಒಳಗೆ ಹೋಗುವುದು ಯಾವಾಗ, ಎಲ್ಲಿಗೆ

ಮಿಂಚಿದ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ 1 ಕಿ.ಮೀ. ಬರಲು ಸುಮಾರು 3 ಸೆಕೆಂಡು ಬೇಕು. ಎಣಿಕೆ 30 ದಾಟದಿದ್ದರೆ ಮೋಡ 10 ಕಿ.ಮೀ. ಒಳಗಿದೆ, ಸಿಡಿಲು ಅಷ್ಟು ದೂರ ಹಾರಿ ಬೀಳಬಲ್ಲದು. ಎಣಿಸುವ ತಾಳ್ಮೆ ಇಲ್ಲದವರಿಗೆ ಇನ್ನೂ ಸುಲಭದ ಲೆಕ್ಕವಿದೆ: ಗುಡುಗು ಕಿವಿಗೆ ಬಿತ್ತೆಂದರೆ ಒಳಗೆ. ಹೊರಗೆ ಬರುವುದು ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ. ಮಳೆ ನಿಂತ ಕೂಡಲೇ ಬಿದ್ದ ಮಾವಿನಕಾಯಿ ಆರಿಸಲು ಓಡುವುದು ಇಲ್ಲಿನ ರೂಢಿ, ಆದರೆ ಮೋಡದ ಬಾಲದಿಂದಲೂ ಸಿಡಿಲು ಬೀಳುತ್ತದೆ.

ಇನ್ನೊಂದು ಅಪಾಯದ ಹೊತ್ತು ಮಳೆಗೆ ಮುಂಚಿನ ಹತ್ತು ನಿಮಿಷ. ಮೊದಲ ಗುಡುಗಿಗೇ ಮನೆಮಂದಿಯೆಲ್ಲ ತಾರಸಿಗೆ ಓಡಿ, ಒಬ್ಬೊಬ್ಬರು ಒಂದೊಂದು ಮೂಲೆಯಿಂದ ಹಪ್ಪಳ ಎತ್ತುತ್ತಾ, ನಡುವೆ ಕಬ್ಬಿಣದ ತಂತಿಯ ಮೇಲಿನ ಬಟ್ಟೆ ಎಳೆಯುತ್ತಾ ನಿಲ್ಲುತ್ತಾರೆ. ಸುತ್ತಮುತ್ತ ಎತ್ತರದಲ್ಲಿರುವುದು ಅವರ ತಲೆಗಳೇ. ಒಣಗಿಸುವಾಗಲೇ ಎಲ್ಲವನ್ನೂ ದೊಡ್ಡ ತಾಡಪಾಲಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಹಗ್ಗ ಬಿಟ್ಟಿರಿ. ಇಬ್ಬರು ಸೇರಿದರೆ ಒಂದು ನಿಮಿಷದಲ್ಲಿ ಮಡಚಿ ಎಳೆದುಕೊಳ್ಳಬಹುದು. ಎರಡು ಗಂಟೆಗೆ ಮೂಡಲಲ್ಲಿ ಮೋಡ ಕಂಡರೆ ಆಗಲೇ ತೆಗೆಯಿರಿ. ಗುಡುಗಿದ ಮೇಲೆ ನೆನಪಾದರೆ ನೆನೆಯಲಿ ಬಿಡಿ, ಮುರುಗಲು ಸಿಪ್ಪೆಯನ್ನು ಮತ್ತೆ ಒಣಗಿಸಬಹುದು.

ತಾರಸಿ ಮನೆ ಒಳ್ಳೆಯದು. ಹಂಚಿನ ಮನೆಯೂ ಅಂಗಳಕ್ಕಿಂತ ಎಷ್ಟೋ ಮೇಲು, ಆದರೆ ಜಗುಲಿಯ ಕಂಬಕ್ಕೆ ಒರಗಿ ಮಳೆ ನೋಡುವುದು ಬೇಡ, ನಡುಮನೆಯಲ್ಲಿರಿ. ಪಂಪ್ ಶೆಡ್ಡು, ಮೂರು ಕಡೆ ತೆರೆದ ಬಸ್ ತಂಗುದಾಣ ಮಳೆಯಿಂದ ಕಾಯುತ್ತವೆ, ಸಿಡಿಲಿನಿಂದಲ್ಲ. ಕಾರು, ಬಸ್ಸು ಗಾಜು ಏರಿಸಿಕೊಂಡರೆ ಸುರಕ್ಷಿತ. ಕಾಯುವುದು ಲೋಹದ ಮೈ, ಟೈರಿನ ರಬ್ಬರಲ್ಲ. ಆದ್ದರಿಂದ ಬೈಕು, ಟ್ರ್ಯಾಕ್ಟರಿಗೆ ಆ ಮಾತು ಹೊಂದುವುದಿಲ್ಲ.

ಅಡಿಕೆ ತೋಟದಲ್ಲಿ ಸುರಕ್ಷಿತ ಜಾಗ ಅಂತ ಒಂದಿಲ್ಲ, ಮೋಡ ಕಂಡಾಗಲೇ ಹೊರಡಬೇಕು. ದೋಟಿ, ಕತ್ತಿ, ಸ್ಪ್ರೇ ಪಂಪು ಅಲ್ಲೇ ಬಿಡಿ. ಬಯಲಲ್ಲಿ ಸಿಕ್ಕಿಹಾಕಿಕೊಂಡರೆ ಒಂಟಿ ಮಾವು, ತೆಂಗಿನ ಬುಡ ಬೇಡ. ತಗ್ಗಿನ ಜಾಗದಲ್ಲಿ ಎರಡೂ ಹಿಮ್ಮಡಿ ಜೋಡಿಸಿ ಕುಕ್ಕರಗಾಲಲ್ಲಿ ಕುಳಿತು, ತಲೆ ಬಗ್ಗಿಸಿ, ಕಿವಿ ಮುಚ್ಚಿಕೊಳ್ಳಿ. ನಾಲ್ಕಾರು ಜನರಿದ್ದರೆ ಒಬ್ಬರಿಂದೊಬ್ಬರು ದೂರ ಕೂರಿ. ಮಲಗಬಾರದು. ಮರಕ್ಕೆ ಬಿದ್ದ ಸಿಡಿಲು ನೆಲದಲ್ಲಿ ಹರಡುವಾಗ ಹೆಜ್ಜೆ ಹೆಜ್ಜೆಗೂ ವೋಲ್ಟೇಜ್ ಬೇರೆ ಬೇರೆ ಇರುತ್ತದೆ. ಎರಡು ಕಾಲುಗಳ ಅಂತರ ಹೆಚ್ಚಿದಷ್ಟೂ ಮೈಯೊಳಗೆ ಹರಿಯುವ ವಿದ್ಯುತ್ತು ಹೆಚ್ಚು. ಮರದಡಿ ನಿಂತ ದನಗಳು ಒಟ್ಟಿಗೇ ಸಾಯುವುದು ಇದಕ್ಕೇ, ಮುಂಗಾಲು ಹಿಂಗಾಲಿನ ನಡುವೆ ಐದಾರು ಅಡಿ ಇರುತ್ತದೆ. ಕುಕ್ಕರಗಾಲು ಅಪಾಯವನ್ನು ಕಡಿಮೆ ಮಾಡುತ್ತದೆ ಅಷ್ಟೇ, ಇಲ್ಲವಾಗಿಸುವುದಿಲ್ಲ.

ಗುಡುಗುವಾಗ ಅಂಗಳಕ್ಕೆ ಕತ್ತಿ ಎಸೆಯುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದರಿಂದ ಉಪಯೋಗವಿಲ್ಲ, ಎಸೆಯಲು ಹೊರಗೆ ಹೋಗುವುದೇ ಅಪಾಯ. ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂಬುದೂ ವಾಟ್ಸ್ಆ್ಯಪ್ ಮಾತು. ಚಾರ್ಜಿಗೆ ಹಾಕಿದ ಮೊಬೈಲ್ ಹಿಡಿಯಬಾರದು ಎಂಬುದಷ್ಟೇ ನಿಜ.

ಮನೆಯ ವೈರಿಂಗು

ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚಿನೊಳಗಿನ ಅಂತರ ಕೆಲವೇ ಮಿಲಿಮೀಟರ್, ಸಿಡಿಲಿಗೆ ಅದು ಲೆಕ್ಕಕ್ಕೇ ಇಲ್ಲ. ಟಿವಿ, ಫ್ರಿಜ್ಜು, ವೈಫೈ ಅಡಾಪ್ಟರುಗಳ ಪ್ಲಗ್ಗು ಕಿತ್ತಿಡಿ, ಡಿಶ್ ಕೇಬಲ್ಲನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ, ಬೋರ್‌ವೆಲ್ ಸ್ಟಾರ್ಟರಿನ ಮೇನ್ ಇಳಿಸಿ. ಇದೆಲ್ಲ ಗುಡುಗಿಗೆ ಮುಂಚೆ. ಶುರುವಾದ ಮೇಲೆ ಪ್ಲಗ್ಗು ಮುಟ್ಟುವುದೂ ಬೇಡ, ನಲ್ಲಿಯಲ್ಲಿ ಪಾತ್ರೆ ತೊಳೆಯುವುದೂ ಸ್ನಾನವೂ ಬೇಡ. ತೋಟದ ಐಬೆಕ್ಸ್ ಬೇಲಿಯ (ಕರೆಂಟು ಹರಿಸುವ ಬೇಲಿ) ತಂತಿ ದೂರದ ಸಿಡಿಲನ್ನೂ ಮನೆತನಕ ತರಬಲ್ಲದು, ಮೋಡ ಕಂಡಾಗಲೇ ಅದರ ಯಂತ್ರವನ್ನು ಬೇಲಿಯಿಂದ ಬಿಡಿಸಿಡಿ.

ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ (ಒಮ್ಮೆಲೇ ನುಗ್ಗುವ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಹಾಕಿಸಿದವರು ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಬರೀ ಡಬ್ಬಿ. ನಮ್ಮ ಚಿರೆಕಲ್ಲಿನ ಮಣ್ಣು ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸಿಡಿಲು ಶುರುವಾಗುವುದೂ ಆಗಲೇ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಸಲ ಒಂದೆರಡು ಕೊಡ ನೀರು ಹಾಕಿ. ಎಲೆಕ್ಟ್ರಿಷಿಯನ್ ಬಂದಾಗ ಮೀಟರಿನಲ್ಲಿ ಅಳೆಸಿ, 5 ಓಮ್‌ಗಿಂತ ಕೆಳಗಿದ್ದರೆ ಒಳ್ಳೆಯದು. ಕಡಲ ದಂಡೆಯ ಮನೆಗಳಲ್ಲಿ ಅರ್ಥ್ ತಂತಿಯ ಬೋಲ್ಟು ಉಪ್ಪುಗಾಳಿಗೆ ತುಕ್ಕು ತಿನ್ನುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ಉಜ್ಜಿ ಬಿಗಿಯಬೇಕು.

ಸಿಡಿಲು ಬಡಿದವರಿಗೆ

ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಕೂಡಲೇ ಮುಟ್ಟಬಹುದು. ಹಲವರು ಬಿದ್ದಿದ್ದರೆ ನರಳುತ್ತಿರುವವರನ್ನು ಬಿಟ್ಟು ಮೊದಲು ಉಸಿರಿಲ್ಲದೆ ಬಿದ್ದವರ ಹತ್ತಿರ ಹೋಗಿ. ಸಿಡಿಲಿನಲ್ಲಿ ಹೃದಯ, ಉಸಿರು ನಿಂತವರೂ ತಕ್ಷಣ ಎದೆ ಒತ್ತಿದರೆ ಬದುಕುವುದುಂಟು. 108ಕ್ಕೆ ಕರೆ ಮಾಡಿಸಿ. ಎದೆಯ ನಡುಮೂಳೆಯ ಕೆಳಭಾಗದ ಮೇಲೆ ಅಂಗೈ ಮೇಲೆ ಅಂಗೈಯಿಟ್ಟು, ಮೊಣಕೈ ನೇರವಾಗಿಟ್ಟು, 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಉಸಿರು ಕೊಡಲು ಬರುವವರಿದ್ದರೆ 30 ಒತ್ತಿಗೆ 2 ಉಸಿರು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ, ಕೈ ಸೋತರೆ ಎರಡೆರಡು ನಿಮಿಷಕ್ಕೆ ಜನ ಬದಲಾಗಿ. ಸಗಣಿ, ಮಣ್ಣಿನಲ್ಲಿ ಹೂಳಿ ಹೊತ್ತು ಕಳೆಯಬೇಡಿ.

ಗಾಳಿ

ರಸ್ತೆ ಬದಿಯ ಅಕೇಶಿಯಾ ನಂಬುವ ಮರವಲ್ಲ, ಮೊದಲ ಗಾಳಿಗೇ ಟೊಂಗೆ ಸೀಳುತ್ತದೆ. ಅದರಡಿ ಗಾಡಿ ನಿಲ್ಲಿಸಬೇಡಿ. ದೇವಿಮನೆ, ಅರಬೈಲು ಘಟ್ಟಗಳಲ್ಲಿ ಮೊದಲ ಮಳೆಗೆ ಧೂಳು, ಎಣ್ಣೆ ಕಲೆತು ರಸ್ತೆ ಜಾರುತ್ತದೆ, ಬೈಕಿನವರು ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಳ್ಳಬೇಕು.

ಶೀಟಿನ ಮಾಡು ಹಾರುವುದು ಅಂಚಿನಿಂದ. ಗಾಳಿ ಮಾಡಿನ ಮೇಲೆ ಹಾಯುವಾಗ ಸೂರಂಚಿನಲ್ಲೂ ನೆತ್ತಿಯಲ್ಲೂ ಶೀಟನ್ನು ಮೇಲಕ್ಕೆ ಸೆಳೆಯುತ್ತದೆ. ಆ ಎರಡು ಸಾಲಿನಲ್ಲಿ ಜೆ ಹುಕ್ಕುಗಳನ್ನು ಒತ್ತಾಗಿ ಹಾಕಿಸಿ, ಸವೆದ ವಾಷರ್ ಬದಲಿಸಿ. ಶೀಟಿನ ಮೇಲೆ ಚಿರೆಕಲ್ಲು ಹೇರಿದರೆ ಗಾಳಿಗೆ ಅದು ಯಾರ ತಲೆಯ ಮೇಲೋ ಉರುಳುತ್ತದೆ. ಮರಳಿನ ಚೀಲಗಳನ್ನು ಜೋಡಿ ಮಾಡಿ ಹಗ್ಗ ಕಟ್ಟಿ, ನೆತ್ತಿಯ ಎರಡೂ ಬದಿಗೆ ಇಳಿಬಿಡುವುದು ಮೇಲು.

ಹರಿದು ಬಿದ್ದ ಕರೆಂಟ್ ತಂತಿಯಿಂದ ಕನಿಷ್ಠ 10 ಮೀಟರ್ ದೂರ ಇರಿ. ಲೈಟ್ ಹೋಗಿದೆ ಎಂದ ಮಾತ್ರಕ್ಕೆ ತಂತಿಯಲ್ಲಿ ಕರೆಂಟಿಲ್ಲ ಎಂದಲ್ಲ. ತಿಳಿಯದೆ ಹತ್ತಿರ ಹೋಗಿದ್ದರೆ ಕಾಲೆತ್ತದೆ, ಪಾದ ಜೋಡಿಸಿ ತೆವಳಿಸುತ್ತಾ ಹಿಂದೆ ಬನ್ನಿ. ಹೆಸ್ಕಾಂಗೆ 1912.

ಕಡಲು

ಬಿರುಗಾಳಿ ಇಲ್ಲಿಗೇ ಬಂದು ಅಪ್ಪಳಿಸಬೇಕೆಂದಿಲ್ಲ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ದಡ ಸೇರಿದ್ದು 17ರ ರಾತ್ರಿ, ಗುಜರಾತಿನಲ್ಲಿ. ಅದಕ್ಕೆ ಎರಡು ದಿನ ಮುಂಚೆಯೇ ನಮ್ಮ ದಂಡೆಯ ಮನೆಗಳಿಗೆ ನೀರು ನುಗ್ಗಿತ್ತು. ಬಿಸಿಲಿದ್ದು ಗಾಳಿಯಿಲ್ಲದ ದಿನವೂ ದೂರದ ಕಡಲಿನ ಉಬ್ಬಲೆ ಬಂದು ಬಡಿಯಬಹುದು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಇದರ ಮುನ್ಸೂಚನೆ ಕೊಡುತ್ತದೆ. ಉಬ್ಬಲೆಯ ದಿನ ಅಳಿವೆ ದಾಟುವುದೇ ಎಲ್ಲಕ್ಕಿಂತ ಕಷ್ಟ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನ ಅಲೆ ಎದ್ದು ಮುರಿಯುತ್ತದೆ. ಹೊನ್ನಾವರ, ತದಡಿಯಲ್ಲಿ ಭರತಕ್ಕೆ ಕಾದು ಒಳಗೆ ಬರುವುದೇ ಸರಿ. ನಾಡದೋಣಿಯಲ್ಲಿ ಗುಡುಗು ಕೇಳಿದರೆ ಬಲೆ ಎಳೆಯುವುದನ್ನು ನಿಲ್ಲಿಸಿ, ಕೋಲು, ಏರಿಯಲ್ ಮಲಗಿಸಿ, ದೋಣಿಯ ನಡುವೆ ತಗ್ಗಿ ಕೂರಿ, ಕೈಕಾಲು ನೀರಿಗೆ ತಾಗಿಸಬೇಡಿ. ಕರಾವಳಿ ಕಾವಲು ಪಡೆಯ ಸಂಖ್ಯೆ 1554.

ಗೋಕರ್ಣ, ಮುರ್ಡೇಶ್ವರದಲ್ಲಿ ಈಜಲು ಇಳಿದವರನ್ನು ಒಳಗೆಳೆಯುವುದು ಸೆಳೆತ. ಅಲೆ ಮುರಿಯದೆ ನೀರು ಸಪಾಟಾಗಿ ಕಾಣುವ ಪಟ್ಟಿಯೇ ಅದು, ನೋಡಿದರೆ ಅಲ್ಲೇ ಇಳಿಯೋಣ ಅನ್ನಿಸುತ್ತದೆ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬೇಡಿ. ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬಂದ ಮೇಲೆ ದಡಕ್ಕೆ ತಿರುಗಿ.

ಮುನ್ಸೂಚನೆ

ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿದ ದಾಮಿನಿ ಆ್ಯಪ್ ನೀವಿರುವಲ್ಲಿಂದ 20 ಮತ್ತು 40 ಕಿ.ಮೀ. ದೂರದೊಳಗೆ ಬಿದ್ದ ಸಿಡಿಲನ್ನು ತೋರಿಸುತ್ತದೆ. ಹವಾಮಾನ ಇಲಾಖೆಯ ಮೌಸಮ್ ಆ್ಯಪ್‌ನಲ್ಲಿ ಮುಂದಿನ ಮೂರು ಗಂಟೆಯ ಎಚ್ಚರಿಕೆ ಸಿಗುತ್ತದೆ. ಘಟ್ಟದ ಹಲವು ಊರುಗಳಲ್ಲಿ ಮೊದಲು ಹೋಗುವುದು ನೆಟ್‌ವರ್ಕ್, ಹಾಗಾಗಿ ಇವನ್ನು ಮಧ್ಯಾಹ್ನವೇ ಒಮ್ಮೆ ನೋಡಿಟ್ಟುಕೊಳ್ಳಿ.

ಸೆಕೆ

ಕಾರವಾರದಲ್ಲಿ ಥರ್ಮಾಮೀಟರ್ 34 ತೋರಿಸಿದರೂ ಮೈಗೆ 40 ದಾಟಿದಂತಿರುತ್ತದೆ, ಗಾಳಿಯ ತೇವಕ್ಕೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹೊರಗಿನ ಕೆಲಸವನ್ನು 11ರೊಳಗೆ ಮುಗಿಸಿ. ಬರೀ ನೀರಿನ ಜತೆ ಉಪ್ಪೂ ಬೇಕು: ಉಪ್ಪು ಹಾಕಿದ ಮಜ್ಜಿಗೆ, ಅಪ್ಪೆಹುಳಿ, ಸೋಲ್‌ಕಡಿ ಯಾವುದೂ ಆದೀತು. ತುಂಬ ಬೆವರಿ ಸುಸ್ತಾದವರಿಗೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಕೆಡುಕು, ಚಮಚದಲ್ಲೇ ಅಳೆಯಿರಿ.

ಮಾತು ತೊದಲಿ, ತಬ್ಬಿಬ್ಬಾಗಿ, ಮೈ ಸುಡುತ್ತಿದ್ದರೆ ಅದು ಸುಸ್ತಲ್ಲ, ಉಷ್ಣಾಘಾತ. 108ಕ್ಕೆ ಕರೆ ಮಾಡಿ, ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಮೈಮೇಲೆ ಸುರಿಯುತ್ತಾ ಬೀಸಿ. ಪ್ಯಾರಸಿಟಮಾಲ್ ಈ ಬಿಸಿಯನ್ನು ಇಳಿಸುವುದಿಲ್ಲ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.