ಹೆಡ್‌ಫೋನ್ ತಗೊಳ್ಳೋ ಮುಂಚೆ ಸೌಂಡ್ ಹೋಲಿಸಿ ನೋಡೋದು ಹೇಗೆ

ಮಿಡ್ ರೇಂಜ್ ಹೆಡ್‌ಫೋನ್ ಆರಿಸೋದು ಯಾಕೆ ಕಷ್ಟ ಅಂದ್ರೆ ಅಲ್ಲಿ ತೀರಾ ಕೆಟ್ಟದು ಅಂತ ಸಿಗೋದು ಕಮ್ಮಿ. ಎಲ್ಲವೂ ಒಂದು ಮಟ್ಟಕ್ಕೆ ಚೆನ್ನಾಗೇ ಇರುತ್ತೆ, ಒಂದೊಂದರದ್ದು ಒಂದೊಂದು ಗುಣ, ಹಾಗಾಗಿ ಎರಡನ್ನ ಹಾಕ್ಕೊಂಡು ಅರ್ಧರ್ಧ ಹಾಡು ಕೇಳಿ "ಇದೇ ಸೂಪರ್" ಅಂತ ತಗೊಂಡು ಬಂದುಬಿಟ್ರೆ ಎಷ್ಟೋ ಸಲ ವಾರ ಕಳೆಯೋದ್ರೊಳಗೆ ಬೇಜಾರು ಶುರುವಾಗುತ್ತೆ. ಆವಾಗ ಸೂಪರ್ ಅನ್ನಿಸಿದ್ದು ಬರೀ ಜೋರಾಗಿ ಕೇಳಿಸ್ತಿತ್ತು ಅನ್ನೋ ಕಾರಣಕ್ಕೇ ಇರಬಹುದು.

ಅದಕ್ಕೇ ವಾಲ್ಯೂಮ್ ವಿಷಯ ಮೊದಲು. ಎರಡರಲ್ಲಿ ಒಂದು ಹೆಡ್‌ಫೋನ್ ಬರೀ 1 ಡೆಸಿಬಲ್ ಆಸುಪಾಸು ಜೋರಾಗಿದ್ರೂ ನಮಗೆ ಅದು "ಜೋರು" ಅಂತ ಅನ್ನಿಸಲ್ಲ, "ಕ್ಲಿಯರ್ ಆಗಿದೆ, ಬೇಸ್ ತುಂಬಿಕೊಂಡಿದೆ" ಅಂತ ಅನ್ಸುತ್ತೆ. 1933ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಕೇಂದ್ರದ ಫ್ಲೆಚರ್ ಮತ್ತೆ ಮನ್ಸನ್ ಇದನ್ನ ಅಳೆದು ತೋರಿಸಿದ್ರು, ಸಣ್ಣ ವಾಲ್ಯೂಮಲ್ಲಿ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳಿಸಲ್ಲ, ವಾಲ್ಯೂಮ್ ಏರಿದ ಹಾಗೆ ಅದೇ ಹಾಡಿನ ಬೇಸ್ ಮೇಲೆ ಬರುತ್ತೆ. ಫೋನಲ್ಲಿ ಎರಡಕ್ಕೂ ಒಂದೇ ವಾಲ್ಯೂಮ್ ಇಟ್ಟಿದ್ದೀನಲ್ಲ ಅನ್ನಬೇಡಿ, ಪ್ರತಿ ಹೆಡ್‌ಫೋನಿನ ಸೆನ್ಸಿಟಿವಿಟಿ (ಅಷ್ಟೇ ಪವರ್‌ಗೆ ಎಷ್ಟು ಜೋರಾಗಿ ಕೇಳಿಸುತ್ತೆ ಅನ್ನೋದು) ಬೇರೆ, ಇಂಪೀಡೆನ್ಸ್ (ಕರೆಂಟಿಗೆ ಒಡ್ಡೋ ತಡೆ, ಓಮ್‌ನಲ್ಲಿ ಅಳೀತಾರೆ) ಬೇರೆ. 32 ಓಮ್‌ದು ಫೋನಲ್ಲೇ ಕಿವಿ ತುಂಬ ಕೇಳಿಸಿದ್ರೆ 250 ಓಮ್‌ದು ಅದೇ ಫೋನಲ್ಲಿ ಸೊರಗಿದ ಹಾಗೆ ಕೇಳಿಸಬಹುದು, ಅದು ಹೆಡ್‌ಫೋನಿನ ತಪ್ಪಲ್ಲ, ಅದಕ್ಕೆ ತಕ್ಕ ಆಂಪ್ (ಸಿಗ್ನಲ್ಲಿಗೆ ಬಲ ಕೊಡೋ ಆಂಪ್ಲಿಫೈಯರ್) ಇಲ್ಲ ಅಷ್ಟೇ.

ಸರಿ ಮಾಡೋದು ಹೀಗೆ. ವಾದ್ಯ ಕಮ್ಮಿ ಇದ್ದು ಒಂಟಿ ದನಿ ಇರೋ ಹತ್ತು ಸೆಕೆಂಡಿನ ತುಣುಕು ಒಂದನ್ನ ಆರಿಸ್ಕೊಳ್ಳಿ. ಮೊದಲನೇ ಹೆಡ್‌ಫೋನಲ್ಲಿ ಹಾಯಾಗಿ ಕೇಳೋ ಮಟ್ಟಕ್ಕೆ ವಾಲ್ಯೂಮ್ ಇಟ್ಟು ಕೇಳಿ, ತೆಗೆದು ಎರಡನೇದು ಹಾಕಿ, ದನಿ ಅಷ್ಟೇ ಹತ್ತಿರದಲ್ಲಿ ಅಷ್ಟೇ ಜೋರಾಗಿ ಬರೋ ತನಕ ವಾಲ್ಯೂಮ್ ಹೆಚ್ಚುಕಮ್ಮಿ ಮಾಡಿ, ಮತ್ತೆ ಮೊದಲನೇದಕ್ಕೆ ವಾಪಸ್ ಹೋಗಿ ಖಾತ್ರಿ ಮಾಡ್ಕೊಳ್ಳಿ. ಬೇಸ್ ನೋಡಿ ಸರಿಹೊಂದಿಸೋಕೆ ಹೋಗಬೇಡಿ, ಅಲ್ಲೇ ತಾನೇ ಎರಡಕ್ಕೂ ವ್ಯತ್ಯಾಸ ಇರೋದು, ದನಿಯೇ ಅಳತೆಗೋಲು ಆಗಿರಲಿ. ಫೋನಿನ ವಾಲ್ಯೂಮ್ ಮೆಟ್ಟಿಲು ದೊಡ್ಡದಾಗಿದ್ದು ಕರೆಕ್ಟಾಗಿ ಕೂರದೇ ಹೋದ್ರೆ, ನಿಮಗೆ ಮೊದಲೇ ಮನಸ್ಸು ಇರೋ ಹೆಡ್‌ಫೋನನ್ನೇ ಒಂದು ಮೆಟ್ಟಿಲು ಕಮ್ಮಿ ಇಡಿ. ಹಾಗಿದ್ದೂ ಅದೇ ಇಷ್ಟ ಆದ್ರೆ ಆ ಇಷ್ಟವನ್ನ ನಂಬಬಹುದು.

ಇದಕ್ಕೂ ಮುಂಚೆ ಫೋನಲ್ಲಿರೋ ಈಕ್ವಲೈಜರ್, ಡಾಲ್ಬಿ, ಬೇಸ್ ಬೂಸ್ಟ್, ಸ್ಪೇಷಿಯಲ್ ಆಡಿಯೋ ಎಲ್ಲಾ ಆಫ್ ಮಾಡಿರಬೇಕು. ವೈರ್‌ಲೆಸ್ ಆದ್ರೆ ನಾಯ್ಸ್ ಕ್ಯಾನ್ಸಲಿಂಗ್ ಆನ್ ಇದ್ದಾಗ ಒಂದು ಥರ ಆಫ್ ಇದ್ದಾಗ ಇನ್ನೊಂದು ಥರ ಕೇಳೋ ಮಾಡೆಲ್‌ಗಳಿವೆ, ನೀವು ದಿನಾ ಹೇಗೆ ಬಳಸ್ತೀರೋ ಹಾಗೇ ಕೇಳಿ ನೋಡಿ. ಅದೇ ವೈರ್‌ಲೆಸ್‌ಗೆ ಕೇಬಲ್ ಹಾಕಿ ಪವರ್ ಆಫ್ ಮಾಡಿ ಕೇಳಿದ್ರೆ ಒಳಗಿನ ಪ್ರೊಸೆಸಿಂಗ್ ಇಲ್ಲದೇ ಸೌಂಡ್ ಪೂರ್ತಿ ಬದಲಾಗಬಹುದು, ಅದರ ಮೇಲೆ ತೀರ್ಮಾನ ಬೇಡ. ಇನ್ನು ಕೋಡೆಕ್, ಅಂದ್ರೆ ಬ್ಲೂಟೂತಲ್ಲಿ ಹಾಡನ್ನ ಕುಗ್ಗಿಸಿ ಕಳಿಸೋ ವಿಧಾನ, ಸೆಕೆಂಡಿಗೆ 990 ಕಿಲೋಬಿಟ್ ತನಕ ಹೋಗೋ ಎಲ್‌ಡಿಎಸಿ ಅನ್ನೋ ಕೋಡೆಕ್ ಇದೆ ಅಂತ ದೊಡ್ಡದಾಗಿ ಬರೆದಿರ್ತಾರೆ, ಐಫೋನ್ ಅದನ್ನ ಸಪೋರ್ಟೇ ಮಾಡಲ್ಲ, ಐಫೋನ್ ಇರೋರು ಅದಕ್ಕಂತ ಹೆಚ್ಚು ದುಡ್ಡು ಕೊಡಬೇಡಿ.

ಆಮೇಲೆ ಕೂರೋ ರೀತಿ, ಇದನ್ನ ತುಂಬಾ ಜನ ಗಮನಿಸೋದೇ ಇಲ್ಲ. ಕ್ಲೋಸ್ಡ್ ಬ್ಯಾಕ್ (ಹೊರಭಾಗ ಪೂರ್ತಿ ಮುಚ್ಚಿರೋ) ಹೆಡ್‌ಫೋನಲ್ಲಿ ಕಿವಿ ಮುಚ್ಚೋ ಕಪ್ ಸುತ್ತಲೂ ಬಿಗಿಯಾಗಿ ಕೂರದೇ ಎಲ್ಲೋ ಸ್ವಲ್ಪ ಗಾಳಿ ಆಡಿದ್ರೂ ಬೇಸ್ ಸೋರಿ ಹೋಗುತ್ತೆ. ಕನ್ನಡಕ ಹಾಕೋರು ಕನ್ನಡಕ ಹಾಕ್ಕೊಂಡೇ ಟೆಸ್ಟ್ ಮಾಡಿ, ಹಾಡು ಓಡ್ತಿದ್ದಾಗ ಎರಡೂ ಕಪ್‌ಗಳನ್ನ ಅಂಗೈಲಿ ಮೆಲ್ಲಗೆ ಒತ್ತಿ ನೋಡಿ, ಒತ್ತಿದ ತಕ್ಷಣ ಬೇಸ್ ಧಿಡೀರ್ ಅಂತ ಏರಿದ್ರೆ ಕನ್ನಡಕದ ಕಡ್ಡಿ ಹತ್ರ ಸಂದು ಬಿಟ್ಟಿದೆ ಅಂತ ಅರ್ಥ. ಆ ಮಾಡೆಲ್ ಬಗ್ಗೆ ಬೇರೆಯವರು ಹೊಗಳಿದ ಬೇಸ್ ನಿಮಗೆ ಸಿಗೋದು ಅನುಮಾನ. ಡೆಮೋ ಪೀಸಿನ ಪ್ಯಾಡ್ ಸವೆದು ಚಪ್ಪಟೆ ಆಗಿದ್ರೂ ಸೌಂಡ್ ಬದಲಾಗಿರುತ್ತೆ, ಒಂದ್ಸಲ ಮುಟ್ಟಿ ನೋಡಿ.

ಯಾವ ಹಾಡು ಕೇಳ್ಬೇಕು? ನಿಮಗೆ ಬಾಯಿಪಾಠ ಇರೋ ಹಾಡು. ಆಡಿಯೋ ಟೆಸ್ಟ್ ಟ್ರ್ಯಾಕ್ ಅಂತ ಇರೋವು ಎಲ್ಲದ್ರಲ್ಲೂ ಚೆನ್ನಾಗೇ ಕೇಳಿಸ್ತವೆ, ಅದರಿಂದ ಏನೂ ತಿಳಿಯಲ್ಲ. ನಾನು ಎಲ್ಲಕ್ಕಿಂತ ಹೆಚ್ಚು ನಂಬೋದು ಮನುಷ್ಯರ ದನಿಯನ್ನ, ಹುಟ್ಟಿದಾಗಿಂದ ಕೇಳ್ತಾ ಬಂದಿರೋದ್ರಿಂದ ಅದು ಸ್ವಲ್ಪ ಆಚೀಚೆ ಆದ್ರೂ ಕಿವಿ ಹಿಡಿದುಬಿಡುತ್ತೆ. ಹಾಡೋರು ಮೂಗು ಹಿಡ್ಕೊಂಡು ಹಾಡಿದ ಹಾಗಿದ್ಯಾ, ಗೋಡೆ ಆಚೆಯಿಂದ ಹಾಡಿದ ಹಾಗಿದ್ಯಾ ನೋಡಿ. ಸ, ಶ, ಛ ಬರೋ ಕಡೆ ಕಿವಿ ಕೊಡಿ, 5 ರಿಂದ 8 ಕಿಲೋಹರ್ಟ್ಸ್ ಜಾಗ, ಅಂದ್ರೆ ತೀಕ್ಷ್ಣ ಸದ್ದುಗಳಿರೋ ಭಾಗ, ಎತ್ತಿ ಕಟ್ಟಿರೋ ಹೆಡ್‌ಫೋನಲ್ಲಿ ಪ್ರತಿ "ಸ"ಕಾರವೂ ಸೂಜಿ ಥರ ಚುಚ್ಚುತ್ತೆ, ಮೊದಲ ಐದು ನಿಮಿಷ ಅದೇ "ಡೀಟೇಲ್" ಅನ್ನಿಸಿ ಮೋಸ ಮಾಡುತ್ತೆ. ಬೇಸ್‌ಗೆ ತಬಲದ ಎಡಗೈ ಒಳ್ಳೇ ಪರೀಕ್ಷೆ, ಜಾರಿ ಏರೋ ಆ ನಾದದಲ್ಲಿ ಸ್ವರ ಗೊತ್ತಾಗಬೇಕು, ಬರೀ ಧುಂ ಧುಂ ಅಂತ ಒಂದೇ ಸ್ವರ ಬಂದ್ರೆ ಬೇಸ್ ಜಾಸ್ತಿ ಇದೆ ಆದ್ರೆ ಹಿಡಿತ ಇಲ್ಲ. ಕೊನೆಗೆ ಕೋರಸ್ಸು, ಪಿಟೀಲು, ಡ್ರಮ್ಸು ಎಲ್ಲಾ ಒಟ್ಟಿಗೆ ಬರೋ ಗದ್ದಲದ ಜಾಗ ಒಂದು, ಅಲ್ಲಿ ಒಂದೇ ವಾದ್ಯವನ್ನ ಬೆನ್ನು ಹತ್ತಿ ಹೋಗೋಕಾಗುತ್ತಾ ನೋಡಿ.

ಬದಲಾಯಿಸೋದು ಬೇಗ ಆಗ್ಬೇಕು. ಸೌಂಡಿನ ಸೂಕ್ಷ್ಮ ನೆನಪು ನಮಗೆ ಕೆಲವೇ ಸೆಕೆಂಡು ಉಳಿಯೋದು, ನಿನ್ನೆ ಕೇಳಿದ್ದನ್ನ ಇವತ್ತಿನದಕ್ಕೆ ಹೋಲಿಸಿ ಉಪಯೋಗ ಇಲ್ಲ, ಅದೇ ಹತ್ತು ಸೆಕೆಂಡಿನ ತುಣುಕನ್ನ ಒಂದರಲ್ಲಿ, ತಕ್ಷಣ ಇನ್ನೊಂದರಲ್ಲಿ. ಒಂದು ಸುತ್ತಲ್ಲಿ ಒಂದೇ ವಿಷಯ ಗಮನಿಸಿ.

ಆದ್ರೆ ಇಷ್ಟಕ್ಕೇ ನಿಲ್ಲಿಸಬೇಡಿ, ಹೀಗೆ ಪಟಪಟ ಬದಲಾಯಿಸಿದ್ರೆ ವ್ಯತ್ಯಾಸ ಗೊತ್ತಾಗುತ್ತೆ, ಆಯಾಸ ಗೊತ್ತಾಗಲ್ಲ. ಇಷ್ಟವಾದದ್ದನ್ನ ಒಂದು ಗಂಟೆ ತೆಗೀದೇ ಕೇಳಿ, ಏನೂ ಗಮನಿಸದೆ ಸುಮ್ನೆ ಹಾಡು ಕೇಳಿ. ನಡುವೆ ಗೊತ್ತಿಲ್ಲದೇ ವಾಲ್ಯೂಮ್ ಕಮ್ಮಿ ಮಾಡ್ತಿದ್ದೀರಾ ಅಂದ್ರೆ ಟ್ರೆಬಲ್ (ತೀಕ್ಷ್ಣ ಮೇಲಿನ ಸದ್ದು) ಕುಟುಕ್ತಿರಬಹುದು, ನೆತ್ತಿ ಅಥವಾ ದವಡೆ ನೋವು ಬಂದ್ರೆ ಹಿಡಿತ ಬಿಗಿ ಜಾಸ್ತಿ.

ಕೇಳೋ ಅವಕಾಶವೇ ಇಲ್ಲ ಅಂದ್ರೆ ಫ್ರೀಕ್ವೆನ್ಸಿ ರೆಸ್ಪಾನ್ಸ್ ಗ್ರಾಫ್ (ಬೇಸಿಂದ ಟ್ರೆಬಲ್ ತನಕ ಯಾವ ಸದ್ದು ಎಷ್ಟು ಜೋರು ಅಂತ ತೋರಿಸೋ ಗೆರೆ) ಸಹಾಯಕ್ಕೆ ಬರುತ್ತೆ, ಆದ್ರೆ ಎರಡೂ ಗ್ರಾಫ್ ಒಬ್ಬರೇ ಒಂದೇ ಮೆಷಿನಲ್ಲಿ ಅಳೆದಿರಬೇಕು, ಮತ್ತೆ 10 ಕಿಲೋಹರ್ಟ್ಸ್ ಆಚೆಗಿನ ಗೆರೆಯನ್ನ ಜಾಸ್ತಿ ನಂಬಬೇಡಿ, ಅಲ್ಲಿ ನಿಮ್ಮ ಕಿವಿಯ ಆಕಾರ ಮತ್ತೆ ಕಪ್ ಕೂತಿರೋ ಜಾಗಕ್ಕೆ ತಕ್ಕ ಹಾಗೆ ಎಲ್ಲಾ ಬದಲಾಗುತ್ತೆ. ಈಗಾಗಲೇ ನಿಮ್ಮ ಹತ್ರ ಇರೋ ಹೆಡ್‌ಫೋನಿನ ಗ್ರಾಫ್ ಪಕ್ಕದಲ್ಲಿಟ್ಟು ನೋಡಿದ್ರೆ ಇದಕ್ಕಿಂತ ಬೇಸ್ ಎಷ್ಟು ಹೆಚ್ಚು, ದನಿ ಎಷ್ಟು ಮುಂದೆ ಅನ್ನೋ ಅಂದಾಜು ಸಿಗುತ್ತೆ. ಹಾಗೆ ಕೇಳದೇ ತರಿಸ್ಕೊಂಡ್ರೆ ವಾಪಸ್ ಕೊಡೋ ಅವಧಿ ಎಷ್ಟು ಅಂತ ಮೊದಲೇ ನೋಡಿಟ್ಕೊಳ್ಳಿ, ಒಂದು ಗಂಟೆಯ ಪರೀಕ್ಷೆಯನ್ನ ಬಂದ ಎರಡು ಮೂರು ದಿನದಲ್ಲೇ ಮುಗಿಸಿ, ಅಲ್ಲಿ ತನಕ ಡಬ್ಬ, ಪ್ಲಾಸ್ಟಿಕ್ ಕವರ್, ಬಿಲ್ಲು ಏನೂ ಎಸೀಬೇಡಿ.