ಗ್ರಾಫಿಕ್ಸ್ ಕಾರ್ಡ್ ರಿವ್ಯೂ: ತೀರ್ಪಿಗೆ ಮೊದಲು ಪರೀಕ್ಷೆಯನ್ನು ಓದಿ

ಮೂವತ್ತು ನಲವತ್ತು ಸಾವಿರ ಕೊಟ್ಟು ಗ್ರಾಫಿಕ್ಸ್ ಕಾರ್ಡ್ (ಗೇಮ್‌ನ ಚಿತ್ರಗಳನ್ನು ಪರದೆಗೆ ಬಿಡಿಸುವ ಭಾಗ) ಕೊಳ್ಳುವವರು ಎಷ್ಟೋ ಸಲ ವಿಡಿಯೊದ ಕೊನೆಯ ಎರಡು ನಿಮಿಷ ನೋಡಿ ನಿರ್ಧರಿಸಿಬಿಡುತ್ತಾರೆ. ಮನೆಯಲ್ಲಿ ಅದೇ ಗೇಮ್ ತಡವರಿಸಿದಾಗ ರಿವ್ಯೂ ಮಾಡಿದವರು ದುಡ್ಡು ತಿಂದಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ಹಾಗೆ ಮಾಡುವವರೇ ಇಲ್ಲವೆಂದಲ್ಲ. ಆದರೆ ಪಕ್ಷಪಾತ ಹೆಚ್ಚಾಗಿ ನುಸುಳುವುದು ಆಯ್ಕೆಗಳಲ್ಲಿ: ಯಾವ ಕಾರ್ಡು, ಯಾವ ಪ್ರೊಸೆಸರ್ ಜೊತೆ, ಯಾವ ಗೇಮ್, ಯಾವ ಸೆಟ್ಟಿಂಗ್. ಪ್ರಾಮಾಣಿಕವಾಗಿ ಮಾಡಿದ ರಿವ್ಯೂ ಕೂಡ ನಿಮ್ಮ ಕಂಪ್ಯೂಟರಿಗೆ ಹೊಂದದೇ ಹೋಗಬಹುದು. ಆದ್ದರಿಂದ ತೀರ್ಪನ್ನು ಪಕ್ಕಕ್ಕಿಟ್ಟು ಪರೀಕ್ಷೆಯ ವಿವರದಿಂದ ಶುರುಮಾಡಿ.

1. ಕಾರ್ಡ್ ಕೊಟ್ಟವರು ಯಾರು?

ಬಿಡುಗಡೆಯ ದಿನವೇ ಬರುವ ರಿವ್ಯೂಗಳಲ್ಲಿ ಹೆಚ್ಚಿನವು ಕಂಪನಿ ಮುಂಚಿತವಾಗಿ ಕಳಿಸಿದ ಕಾರ್ಡಿನ ಮೇಲೆ ನಿಂತಿರುತ್ತವೆ. ಅದು ತಪ್ಪಲ್ಲ, ಆದರೆ ಕೊಡುವ ಕೈಗೆ ತಡೆಹಿಡಿಯುವ ಶಕ್ತಿಯೂ ಇರುತ್ತದೆ. 2020ರ ಡಿಸೆಂಬರ್‌ನಲ್ಲಿ ಕಾರ್ಡ್ ತಯಾರಿಸುವ ಎನ್‌ವಿಡಿಯಾ, 'ಹಾರ್ಡ್‌ವೇರ್ ಅನ್‌ಬಾಕ್ಸ್ಡ್' ಎಂಬ ಯೂಟ್ಯೂಬ್ ಚಾನೆಲ್ ರೇ ಟ್ರೇಸಿಂಗ್‌ಗೆ (ಬೆಳಕು, ನೆರಳನ್ನು ಸಹಜವಾಗಿ ಬಿಡಿಸುವ ತಂತ್ರ) ಸಾಕಷ್ಟು ಒತ್ತು ಕೊಡುತ್ತಿಲ್ಲವೆಂದು ಕಾರ್ಡ್ ಕಳಿಸುವುದನ್ನು ನಿಲ್ಲಿಸುವುದಾಗಿ ಇಮೇಲ್ ಬರೆಯಿತು. ವಿರೋಧ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. 2025ರ ಮೇನಲ್ಲಿ ಅದೇ ಕಂಪನಿಯ ಆರ್‌ಟಿಎಕ್ಸ್ 5060 ಕಾರ್ಡ್ ಬಂದಾಗ ಹೆಚ್ಚಿನ ವಿಮರ್ಶಕರಿಗೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಮುಂಚಿತವಾಗಿ ಸಿಗಲೇ ಇಲ್ಲ. ಮೊದಲು ಸಿಕ್ಕವರು ಹೇಳಿಕೊಟ್ಟ ಗೇಮ್, ಹೇಳಿಕೊಟ್ಟ ಸೆಟ್ಟಿಂಗ್‌ಗಳ ಚೌಕಟ್ಟಿನಲ್ಲಿ 'ಪ್ರಿವ್ಯೂ' ಮಾಡಿದರು. ಪ್ರಿವ್ಯೂ ಎಂದರೆ ರಿವ್ಯೂ ಅಲ್ಲ. ಅದರ ಅಂಕಿಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಭಾರತದಲ್ಲಿ ಉಚಿತವಾಗಿ ಸಿಕ್ಕ ವಸ್ತುವಿಗೆ ಅಥವಾ ಹಣಕ್ಕೆ ಪ್ರತಿಯಾಗಿ ಪ್ರಚಾರ ಮಾಡುವವರು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಹೊರಡಿಸಿದೆ. ವಿಡಿಯೊದ ಕೆಳಗಿನ ವಿವರಣೆಯಲ್ಲಿ ಆ ಸಾಲು ಇದೆಯೇ, ಖರೀದಿ ಲಿಂಕಿನಿಂದ ಕಮಿಷನ್ ಬರುತ್ತದೆಯೇ ನೋಡಿ. ಕಮಿಷನ್ ಇರುವ ಕಡೆ 'ಈಗ ಕೊಳ್ಳಬೇಡಿ, ಕಾಯಿರಿ' ಎಂಬ ಮಾತು ಬಂದಿದ್ದರೆ ಆ ಚಾನೆಲ್ ಮೇಲೆ ವಿಶ್ವಾಸ ಇಡಬಹುದು.

2. ಹೆಸರನ್ನು ಕೊನೆಯ ಅಕ್ಷರದವರೆಗೆ ತಾಳೆ ನೋಡಿ

ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲಿ. 2017ರಲ್ಲಿ ಬಂದ ಎನ್‌ವಿಡಿಯಾದ ಜಿಟಿ 1030ರಲ್ಲಿ ಜಿಡಿಡಿಆರ್5 ಮೆಮೊರಿ ಇತ್ತು, ಸೆಕೆಂಡಿಗೆ 48 ಜಿಬಿ ಮಾಹಿತಿಯ ಹರಿವು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿದ ಕಾರ್ಡ್ ಬಂತು, ಹರಿವು 16.8 ಜಿಬಿಗೆ ಇಳಿಯಿತು. ರಿವ್ಯೂ ಮೊದಲನೆಯದರದ್ದು, ಅಂಗಡಿಯವರು ಕೊಟ್ಟದ್ದು ಎರಡನೆಯದು. 2025ರ ಏಪ್ರಿಲ್‌ನಲ್ಲಿ ಆರ್‌ಟಿಎಕ್ಸ್ 5060 ಟಿಐ 8 ಜಿಬಿ, 16 ಜಿಬಿ ಎಂದು ಎರಡು ಬಗೆಯಲ್ಲಿ ಬಂದಾಗಲೂ ವಿಮರ್ಶಕರ ಕೈಸೇರಿದ್ದು ಬಹುಮಟ್ಟಿಗೆ 16 ಜಿಬಿಯದು. ಮೆಮೊರಿ ತುಂಬಿದರೆ 8 ಜಿಬಿ ಕಾರ್ಡ್ ಬರೀ ನಿಧಾನವಾಗುವುದಿಲ್ಲ: ಟೆಕ್ಸ್ಚರ್ (ವಸ್ತುಗಳ ಮೈಮೇಲಿನ ಚಿತ್ರ) ಮಸುಕಾಗುತ್ತದೆ, ಆಟ ಗಕ್ಕನೆ ನಿಂತು ನಿಂತು ಓಡುತ್ತದೆ. ಸರಾಸರಿ ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಬಿಡಿಸುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ) ಇದು ಕಾಣದೇ ಹೋಗಬಹುದು.

ಎಸ್‌.ಪಿ. ರಸ್ತೆಗೆ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಹೋಗಲಿ, ಆನ್‌ಲೈನ್‌ನಲ್ಲೇ ತರಿಸಲಿ, ಮೆಮೊರಿಯ ಬಗೆ, ಗಾತ್ರ, ಬಸ್ ಅಗಲ (ಮೆಮೊರಿಯಿಂದ ಮಾಹಿತಿ ಹರಿಯುವ ದಾರಿಯ ಅಗಲ) ಮತ್ತು ತಯಾರಕರ ಪೂರ್ತಿ ಮಾದರಿ ಸಂಖ್ಯೆಯನ್ನು ಬರೆದಿಟ್ಟುಕೊಂಡು ಪೆಟ್ಟಿಗೆಯ ಮೇಲಿನದಕ್ಕೆ ಹೋಲಿಸಿ. ಬಿಲ್ಲಿನಲ್ಲೂ ಆ ಸಂಖ್ಯೆ ಬರೆಸಿಕೊಳ್ಳಿ.

3. ಅವರ ಟೆಸ್ಟ್ ಬೆಂಚ್ (ಪರೀಕ್ಷೆಯ ಕಂಪ್ಯೂಟರ್), ನಿಮ್ಮ ಕಂಪ್ಯೂಟರ್

ವಿಮರ್ಶಕರು ಮಾರುಕಟ್ಟೆಯ ಅತಿ ವೇಗದ ಪ್ರೊಸೆಸರ್ ಬಳಸಲು ಸರಿಯಾದ ಕಾರಣವಿದೆ: ಪ್ರೊಸೆಸರ್ ಅಡ್ಡಿಯಾಗಬಾರದು, ಕಾರ್ಡಿನ ಶಕ್ತಿ ಮಾತ್ರ ಕಾಣಬೇಕು. ಆದರೆ ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡ್ ಹಾಕುವವರಿಗೆ ಇದೇ ದೊಡ್ಡ ಬಲೆ. ಇಂಟೆಲ್ ಆರ್ಕ್ ಬಿ580 ಕಾರ್ಡ್ 2024ರ ಡಿಸೆಂಬರ್‌ನಲ್ಲಿ ಬಂದಾಗ, ಕಡಿಮೆ ಬೆಲೆಗೆ 12 ಜಿಬಿ ಮೆಮೊರಿ ಎಂದು ಎಲ್ಲರೂ ಹೊಗಳಿದರು. ಕೆಲವೇ ವಾರಗಳಲ್ಲಿ ರೈಜೆನ್ 5 2600ರಂಥ ಹಳೆಯ ಪ್ರೊಸೆಸರ್ ಜೊತೆ ಪರೀಕ್ಷಿಸಿದಾಗ ಹಲವು ಗೇಮ್‌ಗಳಲ್ಲಿ ವೇಗ ಕುಸಿಯಿತು. ಇಂಟೆಲ್ ಡ್ರೈವರ್ ಪ್ರೊಸೆಸರ್ ಮೇಲೆ ಹೆಚ್ಚು ಹೊರೆ ಹಾಕುತ್ತಿತ್ತು. ಬಲವಾದ ಪ್ರೊಸೆಸರ್ ಆ ಹೊರೆಯನ್ನು ಮುಚ್ಚಿಟ್ಟಿತ್ತು. ಮೊದಲ ರಿವ್ಯೂಗಳಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಇನ್ನೊಂದು ಪಾಠ. ಅದಕ್ಕಿರುವುದು 4 ಪಿಸಿಐಇ ಲೇನ್ (ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಮಾಹಿತಿ ದಾರಿ) ಮಾತ್ರ, ಮೆಮೊರಿ 4 ಜಿಬಿ. ಪಿಸಿಐಇ 4.0 ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ, 3.0 ಬೋರ್ಡಿನಲ್ಲಿ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. ಅಂಥ ಅಗ್ಗದ ಕಾರ್ಡ್ ಕೊಳ್ಳುವವರ ಬಳಿ ಇರುವುದು ಸಾಮಾನ್ಯವಾಗಿ 3.0 ಬೋರ್ಡೇ.

ನಿಮ್ಮ ಪ್ರೊಸೆಸರ್, ಮದರ್‌ಬೋರ್ಡಿನ ಪಿಸಿಐಇ ಆವೃತ್ತಿ, ರ್‍ಯಾಮ್ ಮತ್ತು ಮಾನಿಟರಿನ ರೆಸಲ್ಯೂಷನ್ ಒಂದು ಚೀಟಿಯಲ್ಲಿ ಬರೆಯಿರಿ. ಆ ಪ್ರೊಸೆಸರಿನ ರಿವ್ಯೂ ಪ್ರತ್ಯೇಕವಾಗಿ ಹುಡುಕಿ, ನಿಮ್ಮ ಗೇಮ್‌ನಲ್ಲಿ ಅದು ಗರಿಷ್ಠ ಎಷ್ಟು ಎಫ್‌ಪಿಎಸ್ ಕೊಡುತ್ತದೆ ನೋಡಿ. ಪ್ರೊಸೆಸರ್ 90, ಕಾರ್ಡ್ 140 ಎಂದಿದ್ದರೆ ನಿಮಗೆ ಸಿಗುವುದು 90ರ ಆಸುಪಾಸು.

4. ಅಂಕಿಗಳನ್ನು ಬಿಡಿಸಿ

ಗ್ರಾಫಿನ ಅಡಿಗೆರೆ ಸೊನ್ನೆಯಿಂದ ಶುರುವಾಗಿದೆಯೇ? 90ರಿಂದ ಶುರುವಾದರೆ 95 ಮತ್ತು 100ರ ನಡುವಿನ ಅಂತರ ದುಪ್ಪಟ್ಟಿನಂತೆ ಕಾಣುತ್ತದೆ. ಪ್ರತಿ ಪರೀಕ್ಷೆಯನ್ನು ಕನಿಷ್ಠ ಮೂರು ಸಲ ಓಡಿಸಿದ್ದಾರೆಯೇ? ಶೇ 2–3ರ ವ್ಯತ್ಯಾಸ ಒಂದೇ ಕಾರ್ಡಿನಲ್ಲಿ ಒಂದು ಓಟಕ್ಕೂ ಇನ್ನೊಂದಕ್ಕೂ ಬರುತ್ತದೆ. ಅದನ್ನು ಗೆಲುವು ಎನ್ನಲಾಗದು.

ಸರಾಸರಿಯ ಲೆಕ್ಕದಲ್ಲೇ ತೀರ್ಪು ತಿರುಗಬಹುದು. ಕಾರ್ಡ್ 'ಅ' ನಾಲ್ಕು ಗೇಮ್‌ಗಳಲ್ಲಿ 60, 60, 60, 400 ಎಫ್‌ಪಿಎಸ್ ಕೊಟ್ಟಿತೆನ್ನಿ. 'ಆ' 70, 70, 70, 350. ಸಾಮಾನ್ಯ ಸರಾಸರಿಯಲ್ಲಿ 'ಅ' 145, 'ಆ' 140. ನಿಜಕ್ಕೂ ಭಾರವಾದ ಮೂರು ಗೇಮ್‌ಗಳಲ್ಲಿ 'ಆ' ಸುಮಾರು ಶೇ 17 ಮುಂದಿದೆ. ಒಂದೇ ದೊಡ್ಡ ಅಂಕಿಗೆ ಅಷ್ಟಾಗಿ ವಾಲದ ಗುಣೋತ್ತರ ಸರಾಸರಿ (ನಾಲ್ಕು ಅಂಕಿಗಳನ್ನು ಗುಣಿಸಿ ತೆಗೆದ ನಾಲ್ಕನೇ ಮೂಲ) ತೆಗೆದರೆ 'ಅ' 96, 'ಆ' 105. ಯಾವ ಸರಾಸರಿ ಎಂದು ಹೇಳದವರ ಒಟ್ಟು ಅಂಕವನ್ನು ಬಿಟ್ಟು, ನೀವು ಆಡುವ ಗೇಮ್‌ನ ಸಾಲನ್ನಷ್ಟೇ ಓದಿ.

'1% ಲೋ' ಎಂಬ ಅಂಕಿ ಸರಾಸರಿಗಿಂತ ಮುಖ್ಯ. ಅತಿ ನಿಧಾನವಾದ ಶೇ 1ರಷ್ಟು ಫ್ರೇಮ್‌ಗಳ ವೇಗ ಅದು. ಸರಾಸರಿ 90, 1% ಲೋ 35 ಇರುವ ಕಾರ್ಡಿಗಿಂತ ಸರಾಸರಿ 80, 1% ಲೋ 62 ಇರುವುದು ಕಣ್ಣಿಗೆ ಎಷ್ಟೋ ನಯ.

ಸಿದ್ಧ ಬೆಂಚ್‌ಮಾರ್ಕ್‌ಗಳನ್ನು (ವೇಗ ಅಳೆಯಲೆಂದೇ ಮಾಡಿಟ್ಟ ಪರೀಕ್ಷೆಗಳು) ಮಾತ್ರ ನಂಬಬೇಡಿ. 2001ರಲ್ಲಿ ಎಟಿಐ ಎಂಬ ಕಾರ್ಡ್ ಕಂಪನಿಯ ಡ್ರೈವರ್ 'ಕ್ವೇಕ್ 3' ಗೇಮ್‌ನ ಕಡತದ ಹೆಸರನ್ನು ಗುರುತಿಸಿ ಚಿತ್ರದ ಗುಣಮಟ್ಟ ಇಳಿಸಿ ವೇಗ ಹೆಚ್ಚಿಸುತ್ತಿತ್ತು. ಹೆಸರನ್ನು 'ಕ್ವ್ಯಾಕ್' ಎಂದು ಬದಲಿಸಿದಾಗ ಗುಟ್ಟು ರಟ್ಟಾಯಿತು. 2003ರಲ್ಲಿ 3ಡಿಮಾರ್ಕ್ ಎಂಬ ವೇಗ ಅಳೆಯುವ ತಂತ್ರಾಂಶದ ತಯಾರಕರು ಡ್ರೈವರ್ ತಂತ್ರಗಳನ್ನು ತಡೆಯುವ ಪ್ಯಾಚ್ ಬಿಟ್ಟಾಗ ಎನ್‌ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5900 ಅಲ್ಟ್ರಾದ ಅಂಕ ಸುಮಾರು ಶೇ 24 ಕುಸಿಯಿತು. ಕ್ಯಾಮೆರಾ ಮೊದಲೇ ಗೊತ್ತಿರುವ ದಾರಿಯಲ್ಲಿ ಓಡುವುದರಿಂದ ಕಾಣದ ಭಾಗವನ್ನು ಬಿಡಿಸದೇ ಬಿಡುವುದು ಸುಲಭವಾಗಿತ್ತು. ಆಟವನ್ನು ನಿಜವಾಗಿ ಆಡಿ ಅಳೆದ ರಿವ್ಯೂಗೆ ಹೆಚ್ಚು ತೂಕ ಕೊಡಿ.

5. ಹುಟ್ಟಿಸಿದ ಫ್ರೇಮ್‌ಗಳನ್ನು ಬೇರೆ ಮಾಡಿ

2025ರ ಜನವರಿಯಲ್ಲಿ ಎನ್‌ವಿಡಿಯಾ, 549 ಡಾಲರಿನ ಆರ್‌ಟಿಎಕ್ಸ್ 5070 ಕಾರ್ಡು ಹಿಂದಿನ ಪೀಳಿಗೆಯ ಅತಿ ಬಲವಾದ 4090ರಷ್ಟು ವೇಗ ಎಂದಿತು. ಆ ಹೋಲಿಕೆ ನಿಂತದ್ದು ಮಲ್ಟಿ ಫ್ರೇಮ್ ಜನರೇಷನ್ ಮೇಲೆ: ಕಾರ್ಡ್ ನಿಜವಾಗಿ ಬಿಡಿಸುವ ಒಂದು ಫ್ರೇಮಿಗೆ ಮೂರರವರೆಗೆ ಊಹಿಸಿದ ಫ್ರೇಮ್‌ಗಳು ಸೇರುತ್ತಿದ್ದವು. ಪರದೆಯಲ್ಲಿ 120 ಎಂದು ಕಂಡರೂ ನಿಜವಾದವು 30. ಚಲನೆ ನುಣುಪಾಗುತ್ತದೆ, ಮೌಸ್ ಅಲುಗಿಸಿದಾಗಿನ ಸ್ಪಂದನ ಮಾತ್ರ 30ರದ್ದೇ. ಮೂಲ ವೇಗ 60 ಇದ್ದರೆ ಇದು ಒಳ್ಳೆಯ ಸೌಲಭ್ಯ. 30 ಇದ್ದರೆ ಅಲ್ಲ. ಗ್ರಾಫಿನಲ್ಲಿ ಒಂದು ಕಾರ್ಡಿಗೆ ಇದನ್ನು ಹಾಕಿ ಇನ್ನೊಂದಕ್ಕೆ ಹಾಕದಿದ್ದರೆ ಆ ಪುಟವನ್ನು ದಾಟಿಬಿಡಿ. ಕಡಿಮೆ ರೆಸಲ್ಯೂಷನ್‌ನಲ್ಲಿ ಬಿಡಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತಂತ್ರ ಹಾಕಿದ ಕಡೆ ಮೂಲ ರೆಸಲ್ಯೂಷನ್ ಎಷ್ಟು ಎಂದೂ ಕೇಳಿಕೊಳ್ಳಿ.

6. ಬಿಸಿ ಮತ್ತು ಬೆಲೆ

ಎಸಿ ಕೋಣೆಯಲ್ಲಿ, ತೆರೆದ ಬೆಂಚಿನ ಮೇಲೆ ಅಳೆದ ಉಷ್ಣತೆ ರಾಯಚೂರಿನ ಮೇ ತಿಂಗಳಿಗೆ ಹೊಂದದು. ಕೋಣೆಯ ಬಿಸಿ 15 ಡಿಗ್ರಿ ಏರಿದರೆ ಕಾರ್ಡಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಇಲ್ಲವೇ ಫ್ಯಾನ್ ಸದ್ದು ಹೆಚ್ಚುತ್ತದೆ. ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ ಅಳೆದವರನ್ನು ಹುಡುಕಿ.

ಡಾಲರ್ ಲೆಕ್ಕದ 'ಫ್ರೇಮಿಗೆ ಬೆಲೆ' ಪಟ್ಟಿಯನ್ನು ನೀವೇ ಮತ್ತೆ ಮಾಡಿ. ಇಲ್ಲಿ ಕೇಳುವ ಬೆಲೆ 30,000, ವೇಗ 75 ಇದ್ದರೆ ಫ್ರೇಮಿಗೆ 400 ರೂಪಾಯಿ. 36,000ಕ್ಕೆ 80 ಇದ್ದರೆ 450.

7. ಕಾರ್ಡ್ ಮನೆಗೆ ಬಂದ ದಿನ

ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ಮೆಮೊರಿ, ಬಸ್ ಅಗಲ, ಆರ್‌ಒಪಿ (ಚಿತ್ರದ ಚುಕ್ಕೆಗಳಿಗೆ ಕೊನೆಯ ರೂಪ ಕೊಡುವ ಘಟಕ) ಸಂಖ್ಯೆಯನ್ನು ರಿವ್ಯೂನಲ್ಲಿದ್ದದಕ್ಕೆ ತಾಳೆ ನೋಡಿ. 2025ರ ಫೆಬ್ರುವರಿಯಲ್ಲಿ ಕೆಲವು ಆರ್‌ಟಿಎಕ್ಸ್ 5090 ಕಾರ್ಡುಗಳಲ್ಲಿ 176ರ ಬದಲು 168 ಆರ್‌ಒಪಿ ಇದ್ದದ್ದು ಪತ್ತೆಯಾಗಿದ್ದು ಹೀಗೆಯೇ. ನಂತರ ರಿವ್ಯೂನ ಅದೇ ಗೇಮ್, ಅದೇ ಸೆಟ್ಟಿಂಗ್‌ನಲ್ಲಿ ಮೂರು ಸಲ ಓಡಿಸಿ. ಶೇ 10ಕ್ಕಿಂತ ಹೆಚ್ಚು ಹಿಂದೆ ಬಿದ್ದರೆ ಕಾರ್ಡನ್ನು ದೂರುವ ಮೊದಲು ನಾಲ್ಕು ಕಡೆ ನೋಡಿ: ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಸಿಕ್ಕಿಸಿಲ್ಲ ತಾನೇ, ರ್‍ಯಾಮ್ ಒಂದೇ ಕಡ್ಡಿಯಲ್ಲಿಲ್ಲ ತಾನೇ, ಬಯೋಸ್‌ನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರಿಗೆ ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಮ್ಮೆಗೇ ತೆರೆದುಕೊಡುವ ಸೌಲಭ್ಯ) ಚಾಲೂ ಇದೆಯೇ, ಕಾರ್ಡ್ ಪ್ರೊಸೆಸರಿಗೆ ಹತ್ತಿರದ ಮೊದಲ ಸ್ಲಾಟಿನಲ್ಲೇ ಕೂತಿದೆಯೇ.